ಶಹಜಾದಿ ಮುಟ್ಟದ ಸೊಪ್ಪು

ಜೂನ್ ೧, ರವಿವಾರ

ನಿನ್ನೆ ಸರಕಾರಿ ಪ್ರೌಢಶಾಲೆಯಿಂದ ನಿವೃತ್ತಳಾದೆ. ಶಾಲು, ಹಾರ, ಗೋಡೆ ಗಡಿಯಾರ, ಜೊತೆಗೆ ಈ ದಿನಚರಿ ಪುಸ್ತಕ. ಇನ್ನಾದರೂ ಆರಾಮಾಗಿ ಕುಳಿತು ಬರೆಯಿರಿ ಎಂದು ಹೆಡ್‌ಮಾಸ್ತರರು ಭಾಷಣದಲ್ಲಿ ಹೇಳಿದರು. ಪಿ.ಟಿ. ಟೀಚರಿಗೆ ಕುಳಿತುಕೊಳ್ಳಿ ಎನ್ನುವುದು ಬೈಗುಳ ಎಂದು ಅವರಿಗೆ ಯಾರು ತಿಳಿಸಬೇಕು?

ಮುಂಜಾನೆ ಐದಕ್ಕೇ ಎಚ್ಚರವಾಯಿತು. ಬಿಳಿ ಕ್ಯಾನ್ವಾಸ್ ಬೂಟು ಕಟ್ಟಿದೆ, ಕೊರಳಿಗೆ ಸೀಟಿ ಹಾಕಿಕೊಂಡೆ, ಬಾಗಿಲ ತನಕ ನಡೆದೆ. ಸಾಲಾಗಿ ನಿಲ್ಲಿಸಲು ಯಾರೂ ಇಲ್ಲವೆಂಬುದು ಆಗ ನೆನಪಾಯಿತು. ಒಳಗೆ ಬಂದು ಅಡುಗೆಮನೆಯಲ್ಲಿ ಒಂದು ಸಲ ಊದಿದೆ. ವೈನಿಯ ಕೈಯಿಂದ ಚಹಾದ ಬಸಿ ಬಿದ್ದು ಒಡೆಯಿತು. ಈ ಪುಸ್ತಕಕ್ಕೂ ಗೊತ್ತಿರಲಿ: ವೈನಿ ಎಂದರೆ ನನ್ನ ಅಣ್ಣನ ಹೆಂಡತಿ ಶಿವಬಸವ್ವ. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನನಗೆ ಮದುವೆಯಾಗಲಿಲ್ಲ. ಕಬಡ್ಡಿಯಲ್ಲಿ ಪುರುಸೊತ್ತು ಸಿಗಲಿಲ್ಲ.

ಸಂಜೆ ನಮ್ಮ ಓಣಿಯ ತುದಿಗೆ ಹೋಗಿ ನಿಂತೆ. ನವನಗರದ ನಕಾಶೆಯಲ್ಲಿ ಅಲ್ಲೊಂದು ಉದ್ಯಾನವಿದೆ. ನೆಲದ ಮೇಲೆ ಇರುವುದು ಬಳ್ಳಾರಿ ಜಾಲಿಯ ಕಾಡು. 'ಉದ್ಯಾನ' ಎಂಬ ಫಲಕವೂ ಆ ಕಾಡಿನೊಳಗೇ ಇದೆಯಂತೆ, ಮುಳ್ಳಿಗೆ ಅಂಜಿ ಯಾರೂ ಒಳಹೊಕ್ಕು ಓದಿಲ್ಲ. ಯಾವ ದೇಶದಿಂದಲೋ ಬಂದ ಈ ಗಿಡ ನಮ್ಮ ತಂಗಡಿ, ತುಂಬೆ, ಲಕ್ಕಿ ಎಲ್ಲವನ್ನೂ ಹೊರಗೆ ದಬ್ಬಿ ಕಾಲು ಚಾಚಿ ಕುಳಿತಿದೆ. ಅದರ ಬುಡದಲ್ಲಿ ಹುಲ್ಲು ಕೂಡ ಏಳುವುದಿಲ್ಲ. ಇಷ್ಟು ಶಿಸ್ತಿಲ್ಲದ ಗಿಡವನ್ನು ನಾನು ನೋಡಿಲ್ಲ.

ಇವತ್ತಿನ ಅಂಕ: ಜಾಲಿ ೧, ಮಹೇಶ್ವರಿ ಎಂಬ ನಾನು ೦.

ಜೂನ್ ೪, ಬುಧವಾರ

ಓಣಿಯ ಸಭೆ ನಡೆಯಿತು. ಅಧ್ಯಕ್ಷ ನಾಗಲಿಂಗ. ಸಿಮೆಂಟು ಮತ್ತು ನೆಲಕ್ಕೆ ಹಾಸುವ ಪೇವರ್ಸ್ ಮಾರುವ ಅಂಗಡಿ ಇಟ್ಟಿದ್ದಾನೆ. ಹೈಸ್ಕೂಲಿನಲ್ಲಿ ನನ್ನ ಕೈಕೆಳಗೇ ಬೆಳೆದವನು, ಓಟದ ಪಂದ್ಯದಲ್ಲಿ ಇವನು ಬಂದು ಮುಟ್ಟುವ ತನಕ ಕಾದರೆ ಬಹುಮಾನ ವಿತರಣೆ ಮುಗಿದಿರುತ್ತಿತ್ತು. ಉದ್ಯಾನದ ಜಾಗಕ್ಕೆ ಪೇವರ್ಸ್ ಹಾಸಿ ಕಾರು ನಿಲ್ಲಿಸೋಣ ಎಂಬುದು ಅವನ ಸೂಚನೆ. ಓಣಿಯಲ್ಲಿ ಕಾರು ಇರುವುದು ಅವನೊಬ್ಬನಿಗೆ.

ನಾನು ಎದ್ದು ನಿಂತೆ. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ನಮ್ಮ ಹಳೇ ಬಾಗಲಕೋಟೆಯ ಓಣಿಯಲ್ಲಿ ಬನ್ನಿಯ ಕಟ್ಟೆ ಇತ್ತು, ಇಲ್ಲಿಗೆ ಬಂದ ಮೇಲೆ ದಸರೆಯಲ್ಲಿ ಬನ್ನಿ ಮುಡಿಯಲು ಸ್ಕೂಟರ್ ಹತ್ತಿ ಹೋಗಬೇಕಾಗಿದೆ, ಆ ಜಾಗದಲ್ಲಿ ಬನ್ನಿ ನೆಡೋಣ, ಸುತ್ತ ನಮ್ಮ ನೆಲದ ಗಿಡಗಳನ್ನೇ ಹಚ್ಚೋಣ ಎಂದೆ. ಹೆಂಗಸರೆಲ್ಲ ಹೌದೆಂದರು. ನಾಗಲಿಂಗ ನಕ್ಕ. ಬನ್ನಿ ಎಷ್ಟು ನಿಧಾನವಾಗಿ ಬೆಳೆಯುತ್ತದೆಂದು ಅವನಿಗೆ ಗೊತ್ತು.

"ಆತ್ರಿ ಅಕ್ಕೋರ," ಅಂದ. "ದಸರಾಕ ಓಣಿ ಮಂದಿ ಇಲ್ಲೇ ನಿಂತು ಬನ್ನಿ ತಗೊಂಡ್ರ ಜಾಗಾ ನಿಮ್ಮದು. ಇಲ್ಲಂದ್ರ ಮರುದಿನಾನ ಪೇವರ್ಸ್."

ಎಲ್ಲರ ಮುಂದೆ ಕೈ ಮೇಲೆ ಕೈ ಹಾಕಿದೆವು. ಮನೆಗೆ ಬರುವ ದಾರಿಯಲ್ಲಿ ವೈನಿ, ನಿನಗೆ ಬನ್ನಿಯ ಸಸಿ ಸಿಗುವುದಾದರೂ ಎಲ್ಲಿ ಎಂದು ಕೇಳಿದರು. ಅದನ್ನು ನಾನು ಯೋಚಿಸಿರಲಿಲ್ಲ.

ಜೂನ್ ೮, ರವಿವಾರ

ಸಿಕ್ಕಿತು. ಬಸ್ಸಿನಲ್ಲಿ ಬಾದಾಮಿಗೆ, ಅಲ್ಲಿಂದ ಟಂಟಂ ಹಿಡಿದು ಮಹಾಕೂಟಕ್ಕೆ ಹೋಗಿದ್ದೆವು. ವೈನಿ ಹೊಂಡದಲ್ಲಿ ಮುಳುಗು ಹಾಕುವ ತನಕ ನಾನು ದಾರಿಬದಿಯಲ್ಲಿ ಅಡ್ಡಾಡುತ್ತಿದ್ದೆ. ಅಲ್ಲೊಂದು ದೊಡ್ಡ ಬನ್ನಿಮರ, ಅದರ ಕಾಂಡಕ್ಕೆ ಅರಿಷಿಣ ಕುಂಕುಮ. ನೆರಳಿನಲ್ಲಿ ನಾಲ್ಕಾರು ಆಡುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಅವುಗಳ ನಡುವೆ ಗೇಣುದ್ದದ ಒಂದು ಸಸಿ, ಅದೇ ಸಣ್ಣ ಸಣ್ಣ ಎಲೆ, ಅದೇ ಮುಳ್ಳು.

ಆಡುಗಳನ್ನು ಎಬ್ಬಿಸಿ, ಬುತ್ತಿಯ ಚಮಚದಿಂದ ಅಗೆದು, ಬೇರು ಮಣ್ಣು ಸಮೇತ ಚಪಾತಿಯ ಡಬ್ಬಿಯಲ್ಲಿ ಇಟ್ಟುಕೊಂಡೆ. ಒದ್ದೆ ಸೀರೆಯಲ್ಲಿ ಬಂದ ವೈನಿ, ಇದು ಬನ್ನಿಯದೇ ಹೌದೋ ಅಲ್ಲವೋ ಎಂದು ಶುರು ಮಾಡಿದರು. ತಾಯಿ ತಲೆಯ ಮೇಲೆ ನಿಂತಿರುವಾಗ ಕೂಸು ಯಾರದೆಂದು ಕೇಳುತ್ತಾರೇನು? ಅವರ ಸಂಶಯ ಅಸಲಿಗೆ ಚಪಾತಿಯ ಬಗ್ಗೆ. ಚಪಾತಿಯನ್ನು ನಾನು ಕೈಯಲ್ಲಿ ಹಿಡಿದುಕೊಂಡೇ ಬಂದೆ.

ಮಹೇಶ್ವರಿ ೧, ನಾಗಲಿಂಗ ೦.

ಜೂನ್ ೧೭, ಮಂಗಳವಾರ

ಜಾಲಿ ಕಡಿಯುವ ಕೆಲಸ ಮೂರು ದಿನದಿಂದ ನಡೆದಿದೆ. ಮುಂಜಾನೆ ಆರಕ್ಕೆ ಓಣಿಯ ನಡುವೆ ನಿಂತು ಸೀಟಿ ಊದುತ್ತೇನೆ. ಒಬ್ಬರೂ ಬರುವುದಿಲ್ಲ. ಕಿಟಕಿಗಳು ಮುಚ್ಚಿಕೊಳ್ಳುತ್ತವೆ, ಅಷ್ಟೇ. ಹಾರೆ, ಕೊಡಲಿ, ಕುಡಗೋಲು ನನ್ನವೇ, ಕೈಗೆ ಚುಚ್ಚಿದ ಮುಳ್ಳುಗಳೂ ನನ್ನವೇ.

ಕಡಿದ ಕೊಂಬೆಗಳನ್ನು ರಸ್ತೆಯ ಬದಿಗೆ ಒಟ್ಟಿದ್ದೆ. ನಿನ್ನೆಯ ಗಾಳಿಗೆ ಅವು ಓಣಿಯ ತುಂಬ ಉರುಳಾಡಿದವು. ಇವತ್ತು ಮುಂಜಾನೆ ಓಣಿಯಲ್ಲಿ ಗಾಳಿ ಉಳಿದಿದ್ದ ಗಾಲಿ ಎಂದರೆ ಹಾಲಿನವನ ಸೈಕಲ್ಲಿನ ಮುಂದಿನದು ಮಾತ್ರ. ನಾಗಲಿಂಗನ ಕಾರು ಮೊಣಕಾಲೂರಿ ಕುಳಿತ ಹಾಗೆ ಕುಳಿತಿತ್ತು. ಎಲ್ಲರೂ ಮನೆ ಮುಂದೆ ಬಂದು ಬಾಯಿಗೆ ಬಂದಂತೆ ಅಂದರು. ನಾನೂ ಸುಮ್ಮನಿರಲಿಲ್ಲ. ಊರ ಗಿಡ ಹೋಗಿ ಪರದೇಶದ ಮುಳ್ಳು ಬಂದು ಕುಳಿತಾಗ ಯಾರ ಗಾಲಿಯೂ ಕೂಗಲಿಲ್ಲವಲ್ಲ ಎಂದೆ. ಇಡೀ ಓಣಿಯಲ್ಲಿ ನನ್ನ ಕೆಲಸವನ್ನು ಮೆಚ್ಚಿದವನು ಮೂಲೆಯ ಪಂಕ್ಚರ್ ಅಂಗಡಿಯ ಖಾದರಬಾಷಾ ಒಬ್ಬನೇ. ಚಹಾ ಕಳಿಸಿದ, ಮುಂದಿನ ಕಟಾವು ಯಾವಾಗ ಎಂದು ವಿಚಾರಿಸಿದ.

ಜುಲೈ ೧೦, ಗುರುವಾರ

ಅರ್ಧ ಜಾಗ ಬಯಲಾಗಿದೆ. ನಟ್ಟ ನಡುವೆ ಬನ್ನಿ. ಸುತ್ತಲೂ ತಂಗಡಿ, ತುಂಬೆ, ನುಗ್ಗೆ, ಬೇವು, ಎಲ್ಲವನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದೆ. ನಿಲ್ಲಿಸಿದ್ದೆ ಎಂದೇ ಬರೆಯಬೇಕು, ಯಾಕೆಂದರೆ ಇವತ್ತು ಮಧ್ಯಾಹ್ನ ನಾನು ಊಟಕ್ಕೆ ಕುಳಿತಾಗ ಒಂದು ಕರಿ ಆಡು ಮುಂದಿನ ಸಾಲನ್ನೇ ಮುಗಿಸಿತು. ಆಮೇಲೆ ಹಿಂದಿನ ಸಾಲಿಗೆ ಹೋಯಿತು. ಅಟ್ಟಲು ಹೋದರೆ ನನ್ನ ಸೀಟಿಯ ದಾರವನ್ನು ಹಿಡಿದು ಎಳೆಯಿತು. ನಾನು ಒಂದು ಕಡೆ, ಅದು ಒಂದು ಕಡೆ, ಹಗ್ಗ ಜಗ್ಗುವ ಪಂದ್ಯ ನಡೆಯಿತು. ಜಿಲ್ಲಾಮಟ್ಟದಲ್ಲಿ ಗೆದ್ದ ಕೈ ಇದು, ಆಡಿನ ಮುಂದೆ ಸೋತಿತು.

ಆಡು ಖಾದರಬಾಷಾನ ಮನೆಯದು. ಹೆಸರು ಶಹಜಾದಿ. ಅವನ ಹೆಂಡತಿ ಜೈನಬಿಯನ್ನು ಕರೆದು ದಬಾಯಿಸಿದೆ. ಕಟ್ಟಿದರೆ ಇಡೀ ದಿನ ಒದರುತ್ತದೆ, ಸಾಕಿದ ಮೂಕ ಪ್ರಾಣಿ ಎಂದಳು. ಆಡು ಮುಟ್ಟದ ಸೊಪ್ಪಿಲ್ಲ ಎಂಬುದು ಗಾದೆ, ಆದರೆ ಸೊಪ್ಪಿನ ಜೊತೆ ಸರಕಾರಿ ಸೀಟಿಯ ದಾರವನ್ನೂ ಸೇರಿಸಿದ್ದು ನಿನ್ನ ಆಡು ಮಾತ್ರ ಎಂದೆ. ಮಾತಿಗೆ ಮಾತು ಬೆಳೆಯಿತು. ಅವಳ ತವರು ಇಳಕಲ್ಲಂತೆ, ಮಾತಿನಲ್ಲಿ ಸೋಲುವವಳಲ್ಲ. ಜಾಲಿ ಒಂದು ಕಡೆ, ಪೇವರ್ಸ್ ಒಂದು ಕಡೆ, ಈಗ ಈ ಶಹಜಾದಿ. ಶತ್ರುಗಳು ಮೂವರಾದರು.

ಶಹಜಾದಿ ೯, ಮಹೇಶ್ವರಿ ೦.

ಜುಲೈ ೧೩, ರವಿವಾರ

ಬೇಲಿ ಹಾಕಿದೆ.

ಜುಲೈ ೧೪, ಸೋಮವಾರ

ಬೇಲಿ ತಿಂದಿತು.

ಜುಲೈ ೨೯, ಮಂಗಳವಾರ, ನಾಗಪಂಚಮಿ

ಇವತ್ತು ನಡೆದದ್ದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಹಾಲೆರೆದು ಬರುವಾಗ ನೋಡುತ್ತೇನೆ, ಶಹಜಾದಿ ನನ್ನ ಬನ್ನಿಯ ಮುಂದೆ ನಿಂತಿದೆ. ಸಸಿ ಈಗ ಮೊಣಕಾಲು ದಾಟಿದೆ. ಸಸಿ ಹೋದರೆ ಜಾಗವೂ ಹೋದಂತೆ. ಓಡಿದೆ. ಆದರೆ ಆಡು ಬನ್ನಿಯನ್ನು ಮೂಸಿತು, ಒಮ್ಮೆ ಸೀನಿತು, ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಒಂದೇ ಒಂದು ಎಲೆ ಮುಟ್ಟಲಿಲ್ಲ.

ಸೀಟಿಯ ದಾರವನ್ನೂ ಬಿಡದ ಆಡು. ಬೇಲಿಯ ಕಟ್ಟಿಗೆಯನ್ನೂ ಬಿಡದ ಆಡು. ಇದಕ್ಕೆ ಭಕ್ತಿ ಎನ್ನದೆ ಇನ್ನೇನು ಅನ್ನಬೇಕು? ಬನ್ನಿ ಮಹಾಂಕಾಳಿಯ ಮುಂದೆ ಪಶುವೂ ತಲೆಬಾಗಿತು. ಓಣಿಯ ಎಲ್ಲ ಮನೆಗಳಿಗೂ ಹೋಗಿ ಹೇಳಿ ಬಂದೆ. ಜೈನಬಿಗೂ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವಳ ಮನಸ್ಸಿಗೂ ತಾಗಿರಬೇಕು.

ಅವಳ ಮನೆಗೆ ಒಂದು ಡಬ್ಬಿ ಪಂಚಮಿ ಉಂಡಿ ಕೊಟ್ಟು ಬಂದೆ. ಆಡಿನ ಸಲುವಾಗಿ.

ಆಗಸ್ಟ್ ೬, ಬುಧವಾರ

ಮಳೆ. ಜೈನಬಿ ಉಂಡಿಯ ಡಬ್ಬಿ ತಿರುಗಿ ಕೊಡಲು ಬಂದಳು. ಡಬ್ಬಿಯಲ್ಲಿ ಅವಳೇ ಮಾಡಿದ ಸಿಹಿ ಚೋಂಗೆ ಇತ್ತು. ಹಾಗೇ ಕುಳಿತಳು. ಎಷ್ಟು ಹೊತ್ತು ಎಂದು ಗಡಿಯಾರ ನೋಡಲಿಲ್ಲ.

ಆಗಸ್ಟ್ ೧೮, ಸೋಮವಾರ

ಶ್ರಾವಣದ ಕಡೆಯ ಸೋಮವಾರ. ಓಣಿಯ ಹೆಂಗಸರು ಬನ್ನಿಗೆ ಪೂಜೆ ಮಾಡಿದರು. ಗಿಡ ನನ್ನ ಸೊಂಟಕ್ಕೆ ಬಂದಿದೆ. ಬನ್ನಿ ಇಷ್ಟು ಬೇಗ ಬೆಳೆದದ್ದನ್ನು ಯಾರೂ ಕಂಡಿಲ್ಲವಂತೆ. ನನ್ನ ಕೈಗುಣ ಎಂದರು. ನಾನು ಬೇಡ ಅನ್ನಲಿಲ್ಲ. ಉಳಿದ ಗಿಡಗಳು ಮಾತ್ರ ಅದರ ಸುತ್ತ ಏಳಲು ಒಲ್ಲೆ ಅನ್ನುತ್ತಿವೆ. ತುಂಬೆ ಒಣಗಿತು, ತಂಗಡಿ ಮುರುಟಿಕೊಂಡಿದೆ. ದೇವರ ಗಿಡದ ಹತ್ತಿರ ನಿಲ್ಲಲು ಅವಕ್ಕೂ ಸಂಕೋಚ ಇರಬಹುದು.

ಪೂಜೆ ಮುಗಿದ ಮೇಲೆ ನಾಗಲಿಂಗ ಬಂದ. ಗಿಡದ ಮುಂದೆ ಬಗ್ಗಿ ಬಹಳ ಹೊತ್ತು ಮುಳ್ಳು ನೋಡಿದ. ಒಂದು ಸಲ ಬೆರಳಿನಿಂದ ಮುಟ್ಟಿಯೂ ನೋಡಿದ. ಆಮೇಲೆ ನನ್ನ ಮುಖ ನೋಡಿ ಮುಗುಳ್ನಕ್ಕು, ಪ್ರಸಾದ ತೆಗೆದುಕೊಂಡು ಹೋದ. ಒಂದು ಮಾತಿಲ್ಲ, ಕತೆಯಿಲ್ಲ. ಸೋಲನ್ನು ಇಷ್ಟು ಮರ್ಯಾದೆಯಿಂದ ಒಪ್ಪಿಕೊಂಡವನನ್ನು ನಾನು ಆಟದ ಬಯಲಿನಲ್ಲೂ ನೋಡಿರಲಿಲ್ಲ.

ಸೆಪ್ಟೆಂಬರ್ ೯, ಮಂಗಳವಾರ

ಇಷ್ಟು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಸಂಜೆಯಾದರೆ ಸಾಕು, ಹೆಂಗಸರು ಉದ್ಯಾನದಲ್ಲಿ ಸೇರುತ್ತಾರೆ. ಒಬ್ಬೊಬ್ಬರ ಮೊಣಕಾಲೂ ಒಂದೊಂದು ರಾಗ ಹಾಡುತ್ತದೆ, ಅದಕ್ಕೆ ವ್ಯಾಯಾಮ ಹೇಳಿಕೊಡುತ್ತೇನೆ. ಮೊದಲು ವೈನಿ ಒಬ್ಬರೇ ಇದ್ದರು, ಅವರೂ ಧಾರಾವಾಹಿ ಶುರುವಾಗುವ ತನಕ. ಈಗ ಅದು ಶುರುವಾಗಿ ಮುಗಿದರೂ ಏಳುವುದಿಲ್ಲ.

ಮೊನ್ನೆ ನಾಗಲಿಂಗ ತನ್ನ ಅಂಗಡಿಯಿಂದ ಒಂದು ಸಿಮೆಂಟು ಬೆಂಚು ತಂದು ಹಾಕಿಸಿದ. ತನ್ನ ತಾಯಿಗೆ ಕೂಡಲು ಎಂದ. ತಾಯಿ ಒಂದು ತುದಿಯಲ್ಲಿ ಕೂಡುತ್ತಾರೆ, ಉಳಿದ ಬೆಂಚಿನ ತುಂಬ ಇವನೇ ಇರುತ್ತಾನೆ. ನಿನ್ನೆ ಸುಮ್ಮನೆ ಕೂಡುವ ಬದಲು ಕೈಯನ್ನಾದರೂ ಮೇಲೆತ್ತು ಎಂದೆ. ಎತ್ತಿದ. ಖಾದರಬಾಷಾ ಅಂಗಡಿ ಮುಚ್ಚಿ ಬಂದು ಉಳಿದ ಜಾಲಿಯ ಬೊಡ್ಡೆಗಳನ್ನು ಕೀಳುತ್ತಾನೆ, ಕೊಂಬೆಗಳನ್ನು ಅಲ್ಲೇ ಸುಡುತ್ತೇವೆ. ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವ ಪಂಕ್ಚರ್ ಅಂಗಡಿಯವನು ಈ ಜಿಲ್ಲೆಯಲ್ಲಿ ಇವನೊಬ್ಬನೇ. ಶಹಜಾದಿಯನ್ನು ಬೆಂಚಿನ ಕಾಲಿಗೆ ಕಟ್ಟುತ್ತೇವೆ. ಒದರುವುದಿಲ್ಲ. ನಾನು ಕೊರಳು ಕೆರೆಯುತ್ತಿದ್ದರೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತದೆ.

ಅಂಕ ಬರೆಯಲು ಹೊರಟೆ. ಯಾರ ವಿರುದ್ಧ ಬರೆಯಬೇಕೆಂದು ಹೊಳೆಯಲಿಲ್ಲ. ನಿದ್ದೆ ಬರುತ್ತಿದೆ.

ಸೆಪ್ಟೆಂಬರ್ ೨೮, ರವಿವಾರ

ಇವತ್ತು ಹೋಗಬಾರದಿತ್ತು. ದಸರೆಗೆ ಮೊದಲು ತಾಯಿಮರಕ್ಕೆ ಉಡಿ ತುಂಬಿ ಬರೋಣ ಎಂದು ನಾನೇ ವೈನಿಯನ್ನು ಎಬ್ಬಿಸಿ ಮಹಾಕೂಟಕ್ಕೆ ಹೊರಡಿಸಿದೆ. ನಿನ್ನ ಮಗಳು ನನ್ನ ಎದೆಯೆತ್ತರ ಬೆಳೆದಿದ್ದಾಳೆ ಎಂದು ಆ ಮರಕ್ಕೆ ಹೇಳುವ ಆಸೆ ಇತ್ತು.

ಕುಂಕುಮ ಹಚ್ಚುವಾಗ ಒಂದು ಕೊಂಬೆ ಮುಖಕ್ಕೆ ತಾಗಿತು. ಕೈಯಲ್ಲಿ ಹಿಡಿದೆ. ಬನ್ನಿಯ ಮುಳ್ಳು ಬೆಕ್ಕಿನ ಉಗುರಿನ ಹಾಗೆ ಗಿಡ್ಡ, ಕೊಂಬೆಯ ಉದ್ದಕ್ಕೂ ಅಲ್ಲೊಂದು ಇಲ್ಲೊಂದು ಇರುತ್ತದೆ. ನನ್ನ ಗಿಡದ ಮುಳ್ಳು ಹಾಗಿಲ್ಲ. ಎಲೆ ಹೊರಡುವ ಗಂಟಿನಲ್ಲಿ ಜೋಡಿ ಜೋಡಿಯಾಗಿ, ಉದ್ದಕ್ಕೆ, ಸೂಜಿಯ ಹಾಗೆ ನಿಂತಿರುತ್ತದೆ. ಆ ಜೋಡಿ ಮುಳ್ಳನ್ನು ನಾನು ನೋಡಿಲ್ಲವೇ? ಜೂನಿನಿಂದ ಅವನ್ನೇ ಕಡಿಯುತ್ತಿದ್ದೇನೆ. ಈ ಎರಡು ಕೈಗಳಿಂದ ತೆಗೆಯದ ಜಾಲಿಮುಳ್ಳಿಲ್ಲ.

ಕೆಳಗೆ ನೋಡಿದೆ. ಅವೇ ಆಡುಗಳು ನೆರಳಿನಲ್ಲಿ ಮಲಗಿದ್ದವು. ಸುತ್ತ ಹಿಕ್ಕೆ. ಹಿಕ್ಕೆಯಲ್ಲಿ ಜಾಲಿಕಾಯಿಯ ಬೀಜ. ಬೀಜದಿಂದ ಎದ್ದ ಸಸಿಗಳು, ಒಂದಲ್ಲ ಎರಡಲ್ಲ, ಒಂದು ತರಗತಿ ತುಂಬುವಷ್ಟು. ಆಡುಗಳು ಎಲ್ಲೋ ಜಾಲಿಕಾಯಿ ತಿಂದು ಬಂದು ಬನ್ನಿಯ ಬುಡದಲ್ಲಿ ಹಿಕ್ಕೆ ಹಾಕಿವೆ. ಅದನ್ನು ನಾನು ಬನ್ನಿಯ ಕೂಸೆಂದು ಚಪಾತಿ ಡಬ್ಬಿಯಲ್ಲಿ ಮನೆಗೆ ಹೊತ್ತೆ. ಸಾವಿರ ಜಾಲಿ ಕಿತ್ತು ನಡುವೆ ಒಂದು ಜಾಲಿಗೆ ನೀರು ಹಾಕಿ, ಬೇಲಿ ಕಟ್ಟಿ, ಪೂಜೆ ಮಾಡಿಸಿದೆ.

ಅಲ್ಲೇ ಕುಳಿತುಬಿಟ್ಟೆ. ವೈನಿ ನೀರು ಕುಡಿಸಿದರು. ಕಾರಣ ಹೇಳಲಿಲ್ಲ, ಬಿಸಿಲು ಎಂದೆ.

ಸೆಪ್ಟೆಂಬರ್ ೨೯, ಸೋಮವಾರ

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲೆ ಒಂದೇ ನಮೂನೆ. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರೆ ಓಣಿಯವರು ಬಂದು ಎಲೆ ಹರಿದು ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ, ಜಾಗ ಉಳಿಯುತ್ತದೆ. ಹೇಳಿದರೆ ಮರುದಿನ ಪೇವರ್ಸ್. ಬೆಂಚು ಹೋಗುತ್ತದೆ, ಸಂಜೆಗಳು ಹೋಗುತ್ತವೆ. ನಾನು ಮತ್ತೆ ಅಡುಗೆಮನೆಯಲ್ಲಿ ಸೀಟಿ ಊದಬೇಕಾಗುತ್ತದೆ.

ಜೈನಬಿಯ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ನಾನೂ ಒಂದು ಬದಿ ಕುಳಿತು ಆರಿಸುತ್ತ, ಆ ಗಿಡ ಬನ್ನಿಯಲ್ಲ ಜೈನಬಿ ಎಂದೆ. ಅವಳು ತಲೆ ಎತ್ತಲಿಲ್ಲ.

"ಪಂಚಮಿಗೇ ಗೊತ್ತಾತ್ರಿ," ಅಂದಳು. "ಖರೇ ಬನ್ನಿ ಇದ್ದಿದ್ರ ಶಹಜಾದಿ ಬುಡಸಮೇತ ತಿಂತಿತ್ತು. ಜಾಲಿ ಸೊಪ್ಪ ಒಂದ ಅದು ಮುಟ್ಟಂಗಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅದಕ್ಕ ಭಕ್ತಿ ಐತಿ ಅಂದ್ರಿ ನೀವು. ನಮ್ಮ ಆಡಿಗೆ ಅಷ್ಟು ಮರ್ಯಾದಿ ಯಾರೂ ಕೊಟ್ಟಿರಲಿಲ್ರೀ ಅಕ್ಕೋರ. ಹೆಂಗ್ ಹೇಳ್ಲಿ?"

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಅವಳು ಬೇರೆ ಯಾರಿಗೂ ಹೇಳಿಲ್ಲವಂತೆ, ಮುಂದೆಯೂ ಹೇಳುವುದಿಲ್ಲವಂತೆ. ಅಂದರೆ ಈಗ ಎಲ್ಲ ನನ್ನ ಬಾಯಿಯ ಮೇಲೆಯೇ ಇದೆ.

ಅಕ್ಟೋಬರ್ ೧, ಬುಧವಾರ

ಆಯುಧ ಪೂಜೆ. ಹಾರೆಗೆ ಕೊಡಲಿಗೆ ಚೆಂಡುಹೂ ಹಾಕಿದೆ. ಹಾರೆ ನನ್ನನ್ನೇ ನೋಡಿದ ಹಾಗಾಯಿತು.

ವೈನಿಗೆ ಎಲ್ಲ ಹೇಳಿದೆ. ನಾಳೆ ಏನು ಮಾಡುತ್ತೀ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಉಣ್ಣು ಎಂದರು.

ಅಕ್ಟೋಬರ್ ೨, ಗುರುವಾರ, ವಿಜಯದಶಮಿ

ಇಳಿಹೊತ್ತಿಗೆ ಓಣಿಗೆ ಓಣಿಯೇ ಬಂತು. ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟಿದ್ದರು. ನಾಗಲಿಂಗ ಬಿಳಿ ಪೈಜಾಮ ತೊಟ್ಟು ಕಾರಿನಲ್ಲಿ ಬಂದ. ಅವನ ಮನೆಗೂ ಉದ್ಯಾನಕ್ಕೂ ನಡುವೆ ಆರೇ ಮನೆಗಳಿವೆ, ಕಾರು ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಜೈನಬಿ ಆಡನ್ನು ಹಿಡಿದುಕೊಂಡು ಬೆಂಚಿನ ಹತ್ತಿರ ನಿಂತಳು. ಯಾರೋ ಮೊದಲ ಎಲೆಗೆ ಕೈ ಚಾಚಿದರು.

ನಾನು ಸೀಟಿ ಊದಿದೆ. ಇಷ್ಟು ತಿಂಗಳ ರೂಢಿಗೆ ಎಲ್ಲರೂ ಸಾಲಾಗಿ ನಿಂತುಬಿಟ್ಟರು. ಆ ಸಾಲನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದೆ. ಇವರಿಗೆ ಸುಳ್ಳು ಕೊಟ್ಟು ಬಂಗಾರ ಎನ್ನಲು ನನ್ನಿಂದ ಆಗಲಿಲ್ಲ.

"ಇದು ಬನ್ನಿ ಅಲ್ಲ," ಅಂದೆ. "ಬಳ್ಳಾರಿ ಜಾಲಿ. ಆರಿಸಿ ಆರಿಸಿ ತಂದಾಕಿ ನಾನ. ಇದನ್ನ ಯಾರೂ ತಗೋಬ್ಯಾಡ್ರಿ."

ಯಾರೂ ನಂಬಲಿಲ್ಲ. ಅದೇ ದೊಡ್ಡ ಫಜೀತಿಯಾಯಿತು. ಶ್ರಾವಣದಲ್ಲಿ ಪೂಜೆ ಮಾಡಿದ್ದೇವೆ, ಹರಕೆ ಹೊತ್ತಿದ್ದೇವೆ, ಮೊಮ್ಮಗನಿಗೆ ಜ್ವರ ಇಳಿದಿದೆ, ಅಕ್ಕೋರಿಗೆ ಬಿಸಿಲು ತಲೆಗೇರಿದೆ ಎಂದರು. ನಾನು ಜಾಲಿ ಜಾಲಿ ಎಂದು ವಾದಿಸಿದೆ, ಅವರು ಬನ್ನಿ ಬನ್ನಿ ಎಂದು ವಾದಿಸಿದರು. ಆಗ ನಾಗಲಿಂಗ ಹೋಗಿ ಕಾರಿನ ಡಿಕ್ಕಿ ತೆರೆದ. ಒಳಗಿನಿಂದ ಒಂದು ದೊಡ್ಡ ಕೊಂಬೆ ತೆಗೆದ. ನಿಜವಾದ ಬನ್ನಿ. ಗಿಡದ ಪಕ್ಕ ಹಿಡಿದು ಮುಳ್ಳು ತೋರಿಸಿದ. ಅಷ್ಟರಲ್ಲಿ ಶಹಜಾದಿ ಹಗ್ಗ ಕಿತ್ತುಕೊಂಡು ಬಂದು, ನನ್ನ ಗಿಡದ ಕಡೆ ತಿರುಗಿಯೂ ನೋಡದೆ ಅವನ ಕೈಯ ಕೊಂಬೆಯಲ್ಲಿ ಒಂದು ಗೇಣನ್ನು ನುಂಗಿತು. ಅದಾದ ಮೇಲೆ ವಾದ ಮಾಡಲು ಯಾರೂ ಉಳಿಯಲಿಲ್ಲ.

ನಾಗಲಿಂಗ ಮಾತ್ರ ಕೊಂಬೆಯನ್ನು ಆಡಿಗೆ ಸಿಗದ ಹಾಗೆ ತಲೆಯ ಮೇಲೆ ಹಿಡಿದುಕೊಂಡು ನಿಂತಿದ್ದ. ಮುಖ ಸಣ್ಣದಾಗಿತ್ತು.

"ನಿಮ್ಮನ್ನ ಎಲ್ಲಾರ ಮುಂದ ಸುಳ್ಳು ಮಾಡಬೇಕಂತ ಬೇವೂರ ಹೊಲದಿಂದ ತಂದಿದ್ದೆರಿ ಅಕ್ಕೋರ," ಅಂದ. "ಶ್ರಾವಣದಾಗ ಗೊತ್ತಾಗಿತ್ತು ನನಗ. ಈ ದಿನಕ್ಕಂತ ಬಾಯಿ ಬಿಗಿಹಿಡದಿದ್ದೆ. ನೀವ ಹೇಳಿಬಿಟ್ರಿ. ಈಗ ಇದನ್ನ ಏನ್ ಮಾಡ್ಲಿ?"

ವೈನಿ ಮುಂದೆ ಬಂದು ಕೈ ಚಾಚಿದರು.

"ಕೊಡು ಇಲ್ಲೆ," ಅಂದರು. "ದಸರಾಕ ಓಣಿ ಮಂದಿ ಇಲ್ಲೇ ನಿಂತು ಬನ್ನಿ ತಗೊಂಡ್ರ ಜಾಗಾ ಅಕ್ಕೋರದು ಅಂದಾಂವ ನೀನ. ಗಿಡಾ ಎಲ್ಲಿದಿರಬೇಕು ಅಂತ ನೀ ಅಂದಿಲ್ಲ."

ಅವನು ಬೆಂಚು ನೋಡಿದ, ಅದರ ಮೇಲೆ ಕುಳಿತ ತನ್ನ ತಾಯಿಯನ್ನು ನೋಡಿದ, ಕೈಯಲ್ಲಿದ್ದ ಕೊಂಬೆಯನ್ನು ನೋಡಿದ. ತನ್ನ ಕೈಯಾರೆ ಬೇವೂರಿನಿಂದ ಸೋಲನ್ನು ಹೊತ್ತು ತಂದವನನ್ನು ಕಂಡು ನನಗೆ ಕನಿಕರವೇ ಆಯಿತು. ಅವನು ನಗಲು ಶುರು ಮಾಡಿದ. ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಭುಜ, ಆಮೇಲೆ ಕೊಂಬೆ. ಪೇವರ್ಸ್ ತಗೊಳ್ಳುವವರು ಬೇರೆ ಓಣಿಯಲ್ಲೂ ಇದ್ದಾರೆ ಎಂದ.

ಮೊದಲ ಎಸಳನ್ನು ಹರಿದು ನನ್ನ ಕೈಯಲ್ಲಿಟ್ಟ. "ಬನ್ನಿ ತಗೊಂಡು ಬಂಗಾರದ್ಹಂಗ ಇರೂಣ್ರಿ ಅಕ್ಕೋರ," ಎಂದು ಕಾಲು ಮುಟ್ಟಲು ಬಗ್ಗಿದ. ಮೊಣಕಾಲ ತನಕ ಬಗ್ಗಿ ಅಲ್ಲೇ ನಿಂತ. ನಾನೇ ಹಿಡಿದು ಎಬ್ಬಿಸಿದೆ. ಆಮೇಲೆ ಎಲ್ಲರೂ ಕೊಟ್ಟರು, ತೆಗೆದುಕೊಂಡರು. ಜೈನಬಿ, ಖಾದರಬಾಷಾ, ನಾಗಲಿಂಗನ ತಾಯಿ, ವೈನಿ. ಸೆರಗಿನ ತುಂಬ ಬನ್ನಿಯೆಲೆ. ಅಳು ಬಂತು. ಎಲ್ಲರ ಮುಂದೆಯೇ ಅತ್ತೆ, ನಾಚಿಕೆಯಾಗಲಿಲ್ಲ.

ನಾಳೆ ಆರಕ್ಕೆ ಈ ಜಾಲಿಯನ್ನು ಕೀಳಬೇಕು ಎಂದು ಹೇಳಿ ಬಂದಿದ್ದೇನೆ.

ಅಕ್ಟೋಬರ್ ೩, ಶುಕ್ರವಾರ

ಆರಕ್ಕೆ ಹೋದರೆ ಎಲ್ಲರೂ ಬಂದಿದ್ದರು. ನಾಗಲಿಂಗ ಆರೂಕಾಲಿಗೆ ಬಂದ. ಎರಡು ಸುತ್ತು ಓಡು ಎಂದೆ. ಓಡಿದ.

ಹಾರೆ ಹಾಕಿದೆವು, ಅಗೆದೆವು. ಕಾಂಡಕ್ಕೆ ಹಗ್ಗ ಕಟ್ಟಿ ಎಲ್ಲರೂ ಹಿಡಿದು ನಾನು ಸೀಟಿ ಊದಿದ ಹಾಗೆ ಜಗ್ಗಿದೆವು. ಅದು ಒಮ್ಮೆಲೇ ಕಿತ್ತು ಬಂದಿತು, ಇಡೀ ಓಣಿ ಹಿಂದಕ್ಕೆ ಬಿದ್ದಿತು. ಬಿದ್ದಲ್ಲೇ ಮಲಗಿ ನಕ್ಕರು. ಅದೇ ಕುಣಿಯಲ್ಲಿ ನಿಜವಾದ ಬನ್ನಿಯ ಸಸಿ ನೆಡಬೇಕು, ಅದು ಮೊಣಕಾಲಿಗೆ ಬರಲು ವರ್ಷಗಳೇ ಬೇಕು. ನಾನು ಕಾಯುತ್ತೇನೆ ಎಂದೆ.

ಕುಣಿಯೊಳಗೆ ಬಗ್ಗಿ ನೋಡಿದೆ. ಬೇರು ಅರ್ಧಕ್ಕೆ ತುಂಡಾಗಿತ್ತು, ಉಳಿದರ್ಧ ಆಳಕ್ಕೆ ಇಳಿದಿತ್ತು. ಈ ಜಾಲಿಯ ಜಾತಿ ನನಗೆ ಗೊತ್ತು. ವಾರದೊಳಗೆ ಮತ್ತೆ ಚಿಗುರುತ್ತದೆ. ಕಿತ್ತರೆ ಮತ್ತೆ ಚಿಗುರುತ್ತದೆ. ಒಂದು ದಿನದಲ್ಲಿ ಮುಗಿಯುವ ಕೆಲಸ ಇದಲ್ಲ, ನಾಳೆಯೂ ಎಲ್ಲರೂ ಬರಬೇಕಾಗುತ್ತದೆ ಎಂದೆ. ನಾಳಿದ್ದೂ ಬರಬೇಕಾದೀತು ಎಂದೆ.

ಯಾರೂ ಒಲ್ಲೆ ಅನ್ನಲಿಲ್ಲ.